ಲಾಕ್ ಇರುವ ಕಾಲುವೆಯಲ್ಲಿ ಮೊದಲ ಬೋಟ್ ಪ್ರಯಾಣ: ಎರಡು ದಿನ ಸಾಕಾ?

ಪ್ರಶ್ನೆ: ನಾವು ಉಡುಪಿಯವರು. ಮಗಳು, ಅಳಿಯ ಕೆನಡಾದ ಒಟ್ಟಾವದಲ್ಲಿದ್ದಾರೆ. ಬರುವ ಜುಲೈಯಲ್ಲಿ ಅಲ್ಲಿಗೆ ಹೋದಾಗ ಎಲ್ಲರೂ ಸೇರಿ ಮಲಗುವ ವ್ಯವಸ್ಥೆ ಇರುವ ಮೋಟಾರ್ ಬೋಟ್ ಬಾಡಿಗೆಗೆ ಹಿಡಿದು ರಿಡೋ ಕಾಲುವೆಯಲ್ಲಿ ಸುತ್ತುವ ಆಸೆ. ಮಲ್ಪೆಯಲ್ಲಿ ಬೋಟ್ ಹತ್ತಿ ಇಳಿದು ಗೊತ್ತು, ನಡೆಸಿ ಗೊತ್ತಿಲ್ಲ. ದಾರಿಯುದ್ದಕ್ಕೂ ಲಾಕ್‌ಗಳಿವೆಯಂತೆ. ದಾಟುವುದು ಹೇಗೆ? ಒಟ್ಟಾವದಿಂದ ಕಿಂಗ್‌ಸ್ಟನ್‌ಗೆ 202 ಕಿಲೋಮೀಟರ್ ಅಂತೆ, ಎರಡು ದಿನ ಸಾಕಾ?

ಉತ್ತರ: ಸಾಲದು ಮಾರಾಯ್ರೆ. ಐದು ದಿನ ಇಟ್ಟುಕೊಂಡರೂ ಕಡೆಯ ದಿನ ಓಡುವ ಹಾಗೆ ಆಗುತ್ತದೆ. 202 ಕಿಲೋಮೀಟರ್ ಅಂದರೆ ನಮಗೆ ಮಂಗಳೂರಿನಿಂದ ಹೆಚ್ಚುಕಡಿಮೆ ಕುಮಟಾ. ಬಸ್ಸಿನಲ್ಲಿ ಒಂದು ಹೊತ್ತಿನ ದಾರಿ. ನೀರಿನ ಮೇಲೆ ಈ ಲೆಕ್ಕ ನಡೆಯುವುದಿಲ್ಲ. ಕಾಲುವೆ ಕಿರಿದಾಗಿರುವ ಕಡೆಯೆಲ್ಲ ಗಂಟೆಗೆ 10 ಕಿಲೋಮೀಟರ್ ಮಿತಿ. ಅದರ ಮೇಲೆ ಒಟ್ಟಾವ–ಕಿಂಗ್‌ಸ್ಟನ್ ದಾರಿಯಲ್ಲೇ 45 ಲಾಕ್. ಪರ್ತ್ ಊರಿನ ಕಡೆಗೆ ಒಡೆಯುವ ಕವಲಿನಲ್ಲಿ ಇನ್ನೆರಡು. ಹಾಗಾಗಿ ಕಿಲೋಮೀಟರ್ ಬಿಡಿ, ಲಾಕ್ ಎಣಿಸಿ.

ಮೊದಲು ಲಾಕ್ ಅಂದರೆ ಎಂತ ಅಂತ ನೋಡುವ. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುತ್ತಾರಲ್ಲ? ಹಲಗೆಯ ಮೇಲ್ಬದಿಯಲ್ಲಿ ನೀರು ತುಂಬಿ ನಿಲ್ಲುತ್ತದೆ, ಕೆಳಬದಿಯಲ್ಲಿ ಬಂಡೆ ಕಾಣುತ್ತದೆ. ಈಗ ಅಂಥ ಎರಡು ಕಟ್ಟು ಒಂದರ ಹಿಂದೆ ಒಂದು ಇದೆ ಅಂದುಕೊಳ್ಳಿ. ನಡುವೆ ಸುಮಾರು 40 ಮೀಟರ್ ಉದ್ದ, 10 ಮೀಟರ್ ಅಗಲದ ಕಲ್ಲಿನ ತೊಟ್ಟಿ. ಹಲಗೆಯ ಬದಲು ದೊಡ್ಡ ಬಾಗಿಲು. ನಿಮ್ಮ ಬೋಟ್ ಕೆಳಗಿನ ಬಾಗಿಲಿನಿಂದ ಒಳಗೆ ಬಂತು, ಆ ಬಾಗಿಲು ಮುಚ್ಚಿದರು. ಮೇಲಿನ ಬಾಗಿಲಿನ ಬುಡದ ಕಿಂಡಿ ಎತ್ತಿದರು. ನೀರು ತುಂಬಿದ ಹಾಗೆ ಬೋಟ್ ಮೇಲೆ ಬಂತು. ಎರಡೂ ಕಡೆ ನೀರು ಸಮ ಆದಾಗ ಮೇಲಿನ ಬಾಗಿಲು ತೆರೆದರು. ಹೊರಗೆ ಹೋದಿರಿ. ಇಳಿಯುವಾಗ ಇದೇ ತಿರುಗುಮುರುಗು. ಪಂಪು ಇಲ್ಲ, ಮೋಟಾರು ಇಲ್ಲ. ನೀರು ತಾನಾಗಿ ಕೆಳಗೆ ಹರಿಯುತ್ತದೆ, ಅಷ್ಟೆ.

ಬಾಗಿಲುಗಳ ಜಾಣತನ ನೋಡಬೇಕು. ಎರಡು ರೆಕ್ಕೆ ನೇರವಾಗಿ ಮುಚ್ಚುವುದಿಲ್ಲ. ನೀರು ಬರುವ ದಿಕ್ಕಿಗೆ ಮೂತಿ ಮಾಡಿ ಬಾಣದ ತುದಿಯ ಹಾಗೆ ಕೂಡುತ್ತವೆ. ಮೇಲಿನ ನೀರು ಒತ್ತಿದಷ್ಟೂ ಇನ್ನಷ್ಟು ಬಿಗಿ. ನೀರು ಸಮ ಆಗದೆ ಎಂಥ ಪೈಲ್ವಾನನೂ ತೆರೆಯಲಾರ. ರಿಡೋದಲ್ಲಿ ಹೆಚ್ಚಿನ ಲಾಕ್‌ಗಳನ್ನು ಇವತ್ತಿಗೂ ಸಿಬ್ಬಂದಿ ಕೈಯಿಂದಲೇ ಹಿಡಿಕೆ ತಿರುಗಿಸಿ ತೆರೆಯುತ್ತಾರೆ. ಬ್ರಿಟಿಷ್ ಸೈನ್ಯದ ಇಂಜಿನಿಯರ್ ಜಾನ್ ಬೈ ಉಸ್ತುವಾರಿಯಲ್ಲಿ 1826ರಲ್ಲಿ ಶುರುವಾಗಿ 1832ರಲ್ಲಿ ಮುಗಿದ ಕಾಲುವೆ ಇದು. ಅಮೆರಿಕದ ಜೊತೆ ಮತ್ತೆ ಯುದ್ಧವಾದರೆ ಗಡಿಯ ನದಿ ಬಿಟ್ಟು ಒಳಗಿನಿಂದ ಸಾಮಾನು ಸಾಗಿಸಲು ಕಟ್ಟಿದ್ದು. ಆ ಯುದ್ಧ ಆಗಲೇ ಇಲ್ಲ. 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕಟ್ಟುವಾಗ ನೂರಾರು ಕೆಲಸಗಾರರು ಮಲೇರಿಯಾದಿಂದ ಸತ್ತರು. ಹಿಮ ಬೀಳುವ ಊರಿನಲ್ಲಿ ಮಲೇರಿಯಾ! ಮಂಗಳೂರಿನವನಾದ ನನಗೆ ಅದನ್ನು ಓದಿ ಒಂಥರಾ ನೆಂಟಸ್ತನ ಅನಿಸಿತು.

ನಮಗೆ ಲಾಕ್ ಗೊತ್ತಿಲ್ಲದ್ದು ಸಹಜ. ನೇತ್ರಾವತಿ, ಗುರುಪುರ, ಉದ್ಯಾವರ, ಪಂಚಗಂಗಾವಳಿ ಎಲ್ಲವೂ 2016ರ ಕಾಯ್ದೆಯಲ್ಲಿ ರಾಷ್ಟ್ರೀಯ ಜಲಮಾರ್ಗ ಅಂತ ಸೇರಿವೆ. ಆದರೆ ನಾವು ಬೋಟ್ ಓಡಿಸುವುದು ಅಳಿವೆಯ ಹತ್ತಿರ, ಉಬ್ಬರ ಇಳಿತದ ನೀರಿನಲ್ಲಿ. ಅಲ್ಲಿ ಲಾಕ್‌ಗೆ ಕೆಲಸ ಇಲ್ಲ. ಹೋಗುವ ಮೊದಲು ಒಂದನ್ನು ಕಣ್ಣಾರೆ ನೋಡಬೇಕು ಅಂತಿದ್ದರೆ ಕೇರಳದ ಆಲಪ್ಪುಳ ಜಿಲ್ಲೆಯ ತ್ರಿಕ್ಕುನ್ನಪುಳದಲ್ಲಿ ಇದೆ.

ಈಗ ನಿಮ್ಮ ಲೆಕ್ಕ. ಒಂದು ಲಾಕ್‌ಗೆ ಅರ್ಧ ಗಂಟೆ ಹಿಡಿಯಿರಿ. ಎದುರಿನಿಂದ ಬೋಟ್ ಬಂದರೆ, ಜುಲೈಯ ಶನಿವಾರ ಭಾನುವಾರ ಆದರೆ, ಕಾಯುವುದು ಬೇರೆ. ನಾನು ಮುಕ್ಕಾಲು ಗಂಟೆ ಅಂತಲೇ ಬರೆದುಕೊಳ್ಳುತ್ತೇನೆ. ಹತ್ತು ಕಿಲೋಮೀಟರ್‌ಗೆ ಒಂದು ಗಂಟೆ, ಲಾಕ್‌ಗೆ ಮುಕ್ಕಾಲು ಗಂಟೆ, ಎರಡೂ ಕೂಡಿಸಿ. ದಿನಕ್ಕೆ ಐದು ಗಂಟೆ ದಾಟಿದರೆ ಯೋಜನೆ ಹರಿದು ಹಾಕಿ, ಹೊಸದು ಮಾಡಿ. ಲಾಕ್ ರಾತ್ರಿ ನಡೆಯುವುದಿಲ್ಲ. ಸಂಜೆ ಮುಚ್ಚುವ ಹೊತ್ತಿಗೆ ಅರ್ಧ ಗಂಟೆ ಮೊದಲಾದರೂ ತಲುಪಿರಬೇಕು. ನಾಲ್ಕು ಲಾಕ್ ಸಾಲಾಗಿರುವ ಜೋನ್ಸ್ ಫಾಲ್ಸ್‌ನಂಥ ಕಡೆ ಇನ್ನೂ ಬೇಗ.

ಇನ್ನೊಂದು ಮಾತು. ಒಟ್ಟಾವದಿಂದ ಶುರು ಮಾಡಬೇಡಿ. ಮಗಳ ಮನೆ ಅಲ್ಲೇ ಇದೆ, ಸರಿ. ಆದರೆ ಸಂಸತ್ ಭವನದ ಬುಡದಲ್ಲಿ ಎಂಟು ಲಾಕ್ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಇವೆ. ಪ್ರವಾಸಿಗರೆಲ್ಲ ದಂಡೆಯಲ್ಲಿ ಸಾಲಾಗಿ ನಿಂತು ಫೋಟೊ ತೆಗೆಯುತ್ತಿರುತ್ತಾರೆ. ಮೊದಲ ಪಾಠಕ್ಕೆ ಅಷ್ಟು ಜನ ಪ್ರೇಕ್ಷಕರು ಬೇಡ, ಅಲ್ವಾ? ಅಲ್ಲಿಗೆ ಒಂದು ಸಂಜೆ ನಡೆದುಕೊಂಡು ಹೋಗಿ, ನೀವೂ ಪ್ರೇಕ್ಷಕರಾಗಿ ನಿಂತು ನೋಡಿ. ಬೋಟನ್ನು ನಡು ದಾರಿಯ ಸ್ಮಿತ್ಸ್ ಫಾಲ್ಸ್ ಊರಿನ ಕಡೆಯಿಂದ ಹಿಡಿಯಿರಿ. ಅಲ್ಲಿಂದ ದಕ್ಷಿಣಕ್ಕೆ ನ್ಯೂಬರೊವರೆಗೆ ಸುಮಾರು 40 ಕಿಲೋಮೀಟರ್. ಸ್ಮಿತ್ಸ್ ಫಾಲ್ಸ್ ಬಿಟ್ಟ ಮೇಲೆ ಮೂರೇ ಲಾಕ್: ಪೂನಮಲೀ, ನ್ಯಾರೋಸ್, ನ್ಯೂಬರೊ. ಹೌದು, ಪೂನಮಲೀ. ಚೆನ್ನೈ ಪಕ್ಕದ ಪೂನಮಲ್ಲಿಯ ಹೆಸರೇ ಅಲ್ಲಿ ಹೋಗಿ ಕೂತಿದೆ. ಹೋಗುವುದಕ್ಕೆ ಎರಡು ದಿನ, ಬರುವುದಕ್ಕೆ ಎರಡು ದಿನ, ನಡುವೆ ಒಂದು ದಿನ ಸುಮ್ನೆ. ಆ ಒಂದು ದಿನ ಬಿಡಬೇಡಿ. ನಡುವಿನ ಬಿಗ್ ರಿಡೋ ಕೆರೆ ದೊಡ್ಡದು, ಗಾಳಿ ಎದ್ದರೆ ಚಿಕ್ಕ ಬೋಟಿಗೆ ಕಷ್ಟ. ಗಾಳಿ ಇಳಿಯುವವರೆಗೆ ಲಾಕ್ ಪಕ್ಕದಲ್ಲೇ ಕೂರಲು ಪುರುಸೊತ್ತು ಇರಬೇಕು.

ಲಾಕ್ ಹತ್ತಿರ ಬಂದಾಗ ಎಂತ ಮಾಡುವುದು? ದಕ್ಕೆಯ ಅಂಚಿನಲ್ಲಿ ಒಂದಷ್ಟು ಉದ್ದ ನೀಲಿ ಬಣ್ಣ ಬಳಿದಿರುತ್ತದೆ. ಆ ನೀಲಿಗೆ ಬೋಟ್ ಕಟ್ಟಿದರೆ 'ನಾವು ದಾಟಬೇಕು' ಅಂತ ಅರ್ಥ. ಕೂಗುವುದು, ಹಾರ್ನ್ ಹೊಡೆಯುವುದು ಏನೂ ಬೇಡ. ಸಿಬ್ಬಂದಿ ಕರೆದಾಗ ಮೆಲ್ಲ ಒಳಗೆ. ಬದಿಗೆ ಫೆಂಡರ್ ಇಳಿಬಿಟ್ಟಿರಬೇಕು, ಎರಡೂ ಬದಿಗೆ. ಮಲ್ಪೆಯ ಬೋಟುಗಳಿಗೆ ಹಳೆ ಟಯರ್ ಕಟ್ಟಿರುತ್ತಾರಲ್ಲ, ಅದೇ ಕೆಲಸದ್ದು. ಒಳಗೆ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕೇಬಲ್‌ಗಳು ಇಳಿದಿರುತ್ತವೆ. ಮುಂದೆ ಒಬ್ಬರು, ಹಿಂದೆ ಒಬ್ಬರು ಕೊಕ್ಕೆ ಕೋಲಿನಿಂದ ಕೇಬಲ್ ಹತ್ತಿರ ಎಳೆದು, ಹಗ್ಗವನ್ನು ಅದರ ಹಿಂದಿನಿಂದ ಒಂದು ಸುತ್ತು ತಂದು, ತುದಿಯನ್ನು ಕೈಯಲ್ಲೇ ಹಿಡಿದುಕೊಳ್ಳಬೇಕು. ಇಂಜಿನ್ ಆಫ್.

ಕೈಯಲ್ಲೇ. ಇದನ್ನು ಎರಡು ಸಲ ಬರೆಯಲು ಕಾರಣ ನನ್ನ ಭಾವ. ಅವರು ಮಲ್ಪೆಯಲ್ಲಿ ಬೋಟ್ ಇಟ್ಟುಕೊಂಡಿದ್ದವರು, ಅಲೆಯ ಮೇಲೆ ಬೆಳೆದವರು. ಐದು ವರ್ಷದ ಹಿಂದೆ ನಾವೆಲ್ಲ ಹೋದಾಗ ಎರಡನೇ ದಿನ ಇಳಿಯುವ ಲಾಕ್‌ನಲ್ಲಿ ಹಿಂದಿನ ಹಗ್ಗ ಅವರ ಕೈಯಲ್ಲಿತ್ತು. "ಇದನ್ನು ಹಿಡ್ಕೊಂಡು ನಿಲ್ಲುದೆಂತಕ್ಕೆ?" ಅಂತ ಬೋಟಿನ ಗೂಟಕ್ಕೆ ಮೂರು ಸುತ್ತು ಬಿಗಿದು, ಗಂಟು ಹಾಕಿ, ಜೇಬಿನಿಂದ ಫೋನ್ ತೆಗೆದರು. ನೀರು ಇಳಿಯತೊಡಗಿತು. ಅದು ಸದ್ದೇ ಮಾಡುವುದಿಲ್ಲ, ಗೋಡೆಯ ಒದ್ದೆ ಗೆರೆ ಮಾತ್ರ ಮೇಲೆ ಮೇಲೆ ಹೋಗುತ್ತದೆ. ಹಗ್ಗ ಕೇಬಲ್‌ಗೆ ಕಚ್ಚಿಕೊಂಡಿತ್ತು. ಮೊದಲು ಕಿರ್ ಅಂತ ಒಂದು ಶಬ್ದ. ಆಮೇಲೆ ಅಡುಗೆಕಟ್ಟೆಯ ಮೇಲಿದ್ದ ಲೋಟ ತಾನಾಗಿ ಜಾರಿ ಬಿತ್ತು. ಬೋಟಿನ ಹಿಂಬದಿ ಹಗ್ಗದಲ್ಲಿ ನೇತಾಡುತ್ತಿತ್ತು, ಮುಂಬದಿ ನೀರಿನ ಜೊತೆ ಇಳಿಯುತ್ತಿತ್ತು. ಭಾರ ಬಿದ್ದ ಗಂಟು ಬಿಚ್ಚಲು ಬರುವುದಿಲ್ಲ, ಎಷ್ಟು ಅನುಭವ ಇದ್ದರೂ. ಮೇಲಿದ್ದ ಲಾಕ್ ಸಿಬ್ಬಂದಿಯ ಹುಡುಗಿ ನೋಡಿದಳು, ಕಿಂಡಿ ಇಳಿಸಿ ನೀರು ನಿಲ್ಲಿಸಿದಳು. ಅಕ್ಕ ಕೊಟ್ಟ ತರಕಾರಿ ಚೂರಿಯಿಂದ ಹಗ್ಗ ಕೊಯ್ದದ್ದಾಯಿತು. ಭಾವ ಆ ದಿನ ರಾತ್ರಿವರೆಗೆ ಜಾಸ್ತಿ ಮಾತಾಡಲಿಲ್ಲ. ಹಗ್ಗದ ದುಡ್ಡು ಕೊಟ್ಟರು.

ಅವರ ತಪ್ಪು ಅಂತ ಅನ್ನಲಾರೆ. ಸಮುದ್ರದಲ್ಲಿ ಬಿಗಿಯಾಗಿ ಕಟ್ಟಿದ್ದೇ ಸರಿ. ಇಲ್ಲಿ ನೀರೇ ಕಾಲಡಿಯಿಂದ ಜಾರುತ್ತದೆ, ಹಗ್ಗವೂ ಜೊತೆಗೆ ಜಾರಬೇಕು. ಒಂದು ಚೂರಿ ಮಾತ್ರ ಕೈಗೆ ಸಿಗುವ ಜಾಗದಲ್ಲಿ ಇರಲಿ.

ನಮ್ಮ ಕಡೆಯ ಅಭ್ಯಾಸ ಮೋಸ ಮಾಡುವ ಇನ್ನೊಂದು ಜಾಗ ಬೊಯೆಗಳು, ಅಂದರೆ ಬೋಟಿಗೆ ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಬಣ್ಣದ ಗುರುತುಗಳು. ಮಂಗಳೂರಿನ ಅಳಿವೆಯಿಂದ ಒಳಗೆ ಬರುವಾಗ ಕೆಂಪು ಬೊಯೆ ನಮ್ಮ ಎಡಕ್ಕೆ, ಹಸಿರು ಬಲಕ್ಕೆ. ಕೆನಡಾ, ಅಮೆರಿಕದಲ್ಲಿ ಸರೀ ಉಲ್ಟಾ. ಮೇಲ್ಮುಖವಾಗಿ ಹೋಗುವಾಗ ಕೆಂಪು ಬಲಕ್ಕೆ. ರಿಡೋದಲ್ಲಿ ಇದಕ್ಕೂ ಒಂದು ತಿರುವು ಇದೆ. ಒಟ್ಟಾವದಿಂದ ಹತ್ತಿ ಹತ್ತಿ ಅಪ್ಪರ್ ರಿಡೋ ಕೆರೆಗೆ ಬಂದರೆ ಅದೇ ನೆತ್ತಿ. ಅಲ್ಲಿಂದ ಕಿಂಗ್‌ಸ್ಟನ್ ಕಡೆಗೆ ಇಳಿಜಾರು. ಅಂದರೆ ನೀವು ತಿರುಗದಿದ್ದರೂ ಬೊಯೆಯ ಬದಿ ತಿರುಗುತ್ತದೆ. ನ್ಯೂಬರೊ ಲಾಕ್ ಬರುವುದು ಆ ನೆತ್ತಿ ದಾಟಿದ ಮೇಲೆ. ಬೊಯೆಯ ತಪ್ಪು ಬದಿಗೆ ಹೋದರೆ ಕಲ್ಲು ಸಿಗುತ್ತದೆ. ಕಾಲುವೆಯಲ್ಲಿ ಖಾತ್ರಿ ಇರುವ ಆಳವೇ 5 ಅಡಿ. ಜಲನಕ್ಷೆ 1512 ಮತ್ತು 1513 ಎಂಬ ಎರಡು ಪುಸ್ತಕಗಳಲ್ಲಿದೆ: ಒಟ್ಟಾವದಿಂದ ಸ್ಮಿತ್ಸ್ ಫಾಲ್ಸ್ ಒಂದು, ಅಲ್ಲಿಂದ ಕಿಂಗ್‌ಸ್ಟನ್ ಇನ್ನೊಂದು. ನಿಮಗೆ ಬೇಕಾದ್ದು 1513. ಫೋನ್ ನೆಚ್ಚಿಕೊಂಡರೂ ಇದೊಂದು ಕಾಗದದಲ್ಲಿ ಇರಲಿ.

ಕಾಗದಪತ್ರ ಅಷ್ಟೇನೂ ತಲೆನೋವಲ್ಲ. ಕೆನಡಾದಲ್ಲಿ ಮೋಟಾರ್ ಬೋಟ್ ನಡೆಸಲು ಅರ್ಹತೆಯ ಕಾರ್ಡ್ ಬೇಕು. ಬಾಡಿಗೆ ಬೋಟಿಗೆ ಮಾತ್ರ ಬಾಡಿಗೆ ಕೊಡುವವರು ನಿಮ್ಮನ್ನು ಕೂರಿಸಿ ಸುರಕ್ಷತೆಯ ಪಟ್ಟಿ ಒಂದೊಂದೇ ವಿವರಿಸಿ ಸಹಿ ಹಾಕಿಸುತ್ತಾರೆ, ಆ ಬಾಡಿಗೆ ಮುಗಿಯುವವರೆಗೆ ಅದೇ ಸಾಕು. ಅಳಿಯನಿಗೆ ಪುರುಸೊತ್ತಿದ್ದರೆ ಕಾರ್ಡೇ ಮಾಡಿಸಿಕೊಳ್ಳಲಿ. ಲಾಕ್ ಶುಲ್ಕ ಬೋಟಿನ ಉದ್ದದ ಮೇಲೆ, ಅಡಿಗೆ ಇಷ್ಟು ಅಂತ. ದಿನದ್ದೂ ಇದೆ, ಆರು ದಿನದ್ದೂ ಇದೆ. ಎಲ್ಲರಿಗೂ ಲೈಫ್ ಜಾಕೆಟ್ ಬೇಕು. ನಡೆಸುವವರು ಕುಡಿಯುವ ಹಾಗಿಲ್ಲ, ಕಾರಿನ ಕಾನೂನೇ ಅಲ್ಲಿಗೂ. ಕಾಲುವೆ ತೆರೆದಿರುವುದು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಹಾಗಾಗಿ ಜುಲೈಗೆ ತೊಂದರೆ ಇಲ್ಲ.

ಪೆಟ್ರೋಲ್ ಇಂಜಿನ್ ಒಳಗೇ ಇರುವ ಬೋಟ್ ಆದರೆ ಬ್ಲೋವರ್ ಅಂತ ಒಂದು ಫ್ಯಾನ್ ಸ್ವಿಚ್ ಇರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ. ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ ಓಡಬೇಕು. ಲಾಕ್‌ನೊಳಗೆ ಇಂಜಿನ್ ಆಫ್ ಆದಾಗಲೂ ಅದು ಓಡುತ್ತಿರಲಿ. ಬಾಗಿಲು ತೆರೆದಾಗ ಹಿಂದಿನವರು ಕಾಯುತ್ತಿದ್ದಾರೆ ಅಂತ ಗಡಿಬಿಡಿಯಲ್ಲಿ ಕೀ ತಿರುಗಿಸಬೇಡಿ.

ಕೆಲಸಕ್ಕೆ ಮೂರು ಜನ ದೊಡ್ಡವರು ಬೇಕು. ಒಬ್ಬರು ಚುಕ್ಕಾಣಿಗೆ, ಇಬ್ಬರು ಹಗ್ಗಕ್ಕೆ. ಹಗ್ಗ ಹಿಡಿಯುವುದಕ್ಕೆ ಬಲ ಬೇಡ, ಗಮನ ಬೇಕು, ನೀವಿಬ್ಬರು ಧಾರಾಳ ಮಾಡಬಹುದು. ಮೊಣಕಾಲು ನೋವಿದ್ದರೆ ಬೋಟಿನಿಂದ ದಕ್ಕೆಗೆ ಹಾರುವ ಕೆಲಸ ಮಾತ್ರ ಮಗಳಿಗೆ ಬಿಡಿ. ಕಾಲು ಕೈ ಅಡ್ಡ ಕೊಟ್ಟು ಬೋಟನ್ನು ಗೋಡೆಯಿಂದ ತಡೆಯಲು ಯಾರೂ ಹೋಗಬೇಡಿ. ಗೋಡೆಗೆ ತಾಗಿದರೆ ಬಣ್ಣ ಹೋಗುತ್ತದೆ, ಅಷ್ಟೆ.

ಅಭ್ಯಾಸಕ್ಕೆ ಕೆನಡಾದವರೆಗೆ ಕಾಯಬೇಕಾಗಿಲ್ಲ. ಒಂದು ದಿನ ಮಂಗಳೂರಿಗೆ ಬಂದಾಗ ಹಳೆ ಬಂದರಿನಿಂದ ಬೆಂಗರೆಗೆ ಹೋಗುವ ಫೆರ್ರಿಯಲ್ಲಿ ನಡೆಸುವವರ ಹತ್ತಿರ ನಿಲ್ಲಿ. ಅವರ ಕೈ ನೋಡಿ. ದಕ್ಕೆ ಇನ್ನೂ ದೂರ ಇರುವಾಗಲೇ ಇಂಜಿನ್ ಇಳಿಸುತ್ತಾರೆ. ಬೋಟ್ ತನ್ನ ಪಾಡಿಗೆ ತೇಲಿ ಬರುತ್ತದೆ. ಕೊನೆಗೆ ಒಂದು ಚಿಟಿಕೆ ರಿವರ್ಸ್, ನಿಂತಿತು. ಬೋಟಿಗೆ ಬ್ರೇಕ್ ಇಲ್ಲ. ತಿರುಗುವುದೂ ಕಾರಿನ ಹಾಗೆ ಮುಂದಿನಿಂದ ಅಲ್ಲ, ಹಿಂಬದಿ ಆಚೆ ಬೀಸಿಕೊಂಡು ಹೋಗುತ್ತದೆ. ಹತ್ತು ರೌಂಡ್ ಹೋಗಿ ಬಂದರೂ ಟಿಕೆಟಿಗೆ ದೊಡ್ಡ ಖರ್ಚಿಲ್ಲ.

ಊಟದ ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ರಾತ್ರಿ ಲಾಕ್ ಪಕ್ಕದ ದಕ್ಕೆಯಲ್ಲೇ ಶುಲ್ಕ ಕೊಟ್ಟು ಬೋಟ್ ಕಟ್ಟಿ ಮಲಗಬಹುದು, ಹುಲ್ಲಿನ ಮೇಲೆ ಕೂತು ಉಣ್ಣಬಹುದು. ಬೋಟಿನಲ್ಲಿ ಗ್ಯಾಸ್ ಒಲೆ ಇರುತ್ತದೆ. ಆದರೆ ಲಾಕ್‌ನೊಳಗೆ ಬೆಂಕಿ ಉರಿಯುವ ಹಾಗಿಲ್ಲ, ಬೀಡಿ ಸಿಗರೇಟೂ ಇಲ್ಲ. ನಮ್ಮ ಅಕ್ಕ ಕುಕ್ಕರಿಗೆ ಕುಚ್ಚಲಕ್ಕಿ ಹಾಕಿ ಮೊದಲ ಸೀಟಿಗೆ ಕಾಯುತ್ತಿದ್ದರು, ಅಷ್ಟರಲ್ಲಿ ಲಾಕ್‌ನವರು ಕೈಬೀಸಿ ಕರೆದರು. ಒಲೆ ಆರಿಸಿದೆವು. ಹೊರಗೆ ಬಂದು ಹಚ್ಚಿದೆವು. ಮುಂದಿನ ಲಾಕ್ ಒಂದು ಕಿಲೋಮೀಟರ್‌ನಲ್ಲೇ ಇತ್ತು, ಮತ್ತೆ ಆರಿಸಿದೆವು. ಆ ಮಧ್ಯಾಹ್ನ ಎಲ್ಲರೂ ಮೊಸರವಲಕ್ಕಿ ತಿಂದೆವು. ಅವಲಕ್ಕಿ ಜಾಸ್ತಿ ಕಟ್ಟಿಕೊಳ್ಳಿ.