ಸ್ಟ್ರೈಕರ್: ಗೋಲ್ ಹೊಡೆದವರೆಲ್ಲ ಅಲ್ಲ

ಮೊನ್ನೆ ಒಂದು ಫುಟ್‌ಬಾಲ್ ವರದಿ ಓದುತ್ತಿದ್ದೆ. ಮೊದಲ ಪ್ಯಾರಾದಲ್ಲಿ ಎಡಬದಿಯ ವಿಂಗರ್ 'ಸ್ಟ್ರೈಕರ್' ಆಗಿದ್ದ. ಮೂರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಮಿಡ್‌ಫೀಲ್ಡರ್ ಕೂಡ ಸ್ಟ್ರೈಕರ್. ಕೊನೆಗೆ ಕಾರ್ನರ್ ಕಿಕ್‌ಗೆ ತಲೆ ಕೊಟ್ಟು ಗೋಲ್ ಮಾಡಿದ ಡಿಫೆಂಡರ್‌ಗೂ ಅದೇ ಬಿರುದು. ಆ ತಂಡದ ನಿಜವಾದ ಸ್ಟ್ರೈಕರ್ ತೊಂಬತ್ತು ನಿಮಿಷ ಓಡಾಡಿ, ಒಂದೂ ಗೋಲ್ ಸಿಗದೆ ವಾಪಸ್ ಹೋಗಿದ್ದ. ವರದಿಯಲ್ಲಿ ಅವನ ಹೆಸರೇ ಇಲ್ಲ!

ಒಂದು ದಿನದ ಕಥೆಯಾಗಿದ್ದರೆ ಸುಮ್ನೆ ಇರುತ್ತಿದ್ದೆ. ಆದರೆ ಇದು ದಿನಾ ನಡೆಯುತ್ತಿದೆ. ಸ್ಟ್ರೈಕರ್ ಅನ್ನೋದು ಒಂದು ಜಾಗದ ಹೆಸರು, ಎದುರಾಳಿ ಗೋಲಿಗೆ ಹತ್ತಿರ ಇದ್ದು ಆಡುವ ಒಂದು ಕೆಲಸದ ಹೆಸರು. ಗೋಲ್ ಹೊಡೆದವರಿಗೆಲ್ಲ ಹಂಚುವ ಬಹುಮಾನ ಅಲ್ಲ. ಕ್ಯಾಚ್ ಹಿಡಿದವರನ್ನೆಲ್ಲ ವಿಕೆಟ್ ಕೀಪರ್ ಅಂತೀವಾ? ಇದೂ ಹಾಗೇ.

ಗೊಂದಲ ಶುರುವಾಗೋದು 'ಫಾರ್ವರ್ಡ್' ಪದದಿಂದ. ಮುಂದಿನ ಸಾಲಿನಲ್ಲಿ ಆಡುವವರೆಲ್ಲ ಫಾರ್ವರ್ಡ್‌ಗಳು. ವಿಂಗರ್ ಫಾರ್ವರ್ಡೇ, ಸ್ಟ್ರೈಕರ್ ಕೂಡ ಫಾರ್ವರ್ಡೇ, ಆದರೆ ವಿಂಗರ್ ಸ್ಟ್ರೈಕರ್ ಅಲ್ಲ. ಹಿಂದೆ ತಂಡಗಳು ಇಬ್ಬರು ಹಿಂದೆ, ಮೂವರು ನಡುವೆ, ಐವರು ಮುಂದೆ ಅಂತ ನಿಲ್ಲುತ್ತಿದ್ದ ಕಾಲದಲ್ಲಿ ಐದು ಫಾರ್ವರ್ಡ್‌ಗಳಿಗೂ ಬೇರೆ ಬೇರೆ ಹೆಸರಿತ್ತು. ನಡುವೆ ಇದ್ದವನು ಸೆಂಟರ್ ಫಾರ್ವರ್ಡ್, ಬೆನ್ನ ಮೇಲೆ 9ನೇ ನಂಬರ್. ಆಮೇಲೆ ಒಬ್ಬೊಬ್ಬರನ್ನೇ ಹಿಂದಕ್ಕೆ ಎಳೆದುಕೊಂಡರು, ಮುಂದೆ ಒಬ್ಬನೋ ಇಬ್ಬರೋ ಉಳಿದರು. ಹಾಗೆ ಗೋಲಿನ ಹತ್ತಿರ ಉಳಿದವನಿಗೆ 'ಸ್ಟ್ರೈಕರ್' ಅನ್ನುವ ಹೆಸರು 1960ರ ದಶಕದಲ್ಲಿ ರೂಢಿಯಾಯಿತು.

9ನೇ ನಂಬರ್ ನೋಡಿ ಸ್ಟ್ರೈಕರ್ ಅನ್ನೋರಿಗೂ ಒಂದು ಮಾತು. 1953ರ ನವೆಂಬರ್‌ನಲ್ಲಿ ಹಂಗೇರಿ ತಂಡ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿತು. ಹಂಗೇರಿಯ ಹಿಡೆಗ್‌ಕುಟಿ 9ನೇ ನಂಬರ್ ಹಾಕಿಕೊಂಡು ಹಿಂದೆ ನಿಂತು ಆಡಿದ. ಇವನನ್ನು ಯಾರು ಕಾಯಬೇಕು ಅನ್ನೋದೇ ಇಂಗ್ಲೆಂಡಿನ ಡಿಫೆಂಡರ್‌ಗಳಿಗೆ ಬಗೆಹರಿಯಲಿಲ್ಲ. ಅಷ್ಟರಲ್ಲಿ ಅವನು ಮೂರು ಗೋಲ್ ಹೊಡೆದಾಗಿತ್ತು. ನಂಬರ್ ನಂಬಿದವರಿಗೆ ಅವತ್ತೇ ಬುದ್ಧಿ ಬರಬೇಕಿತ್ತು.

ಈಗ ಪದದ ಹುಟ್ಟಿಗೆ ಬರೋಣ. ನನಗೆ ಇಷ್ಟವಾದ ಭಾಗ ಇದೇ, ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

'ಸ್ಟ್ರೈಕ್' ಅಂದ ತಕ್ಷಣ ನಮಗೆ ಹೊಡೆತ ನೆನಪಾಗುತ್ತದೆ. ಕನ್ನಡದಲ್ಲಂತೂ 'ಹೊಡಿ' ಪದ ಮುಟ್ಟದ ಜಾಗವಿಲ್ಲ. ಗೋಲ್ ಹೊಡೀತೀವಿ, ಸಿಕ್ಸರ್ ಹೊಡೀತೀವಿ, ಕಾಪಿ ಹೊಡೀತೀವಿ, ನಿದ್ದೆಯನ್ನೂ ಹೊಡೀತೀವಿ. ಹಾಗಾಗಿ ಸ್ಟ್ರೈಕರ್ ಅಂದರೆ 'ಹೊಡೆಯುವವನು' ಅಂತ ಅರ್ಥ ಮಾಡಿಕೊಂಡು, ಹೊಡೆದವರೆಲ್ಲ ಸ್ಟ್ರೈಕರ್ ಅಂದುಬಿಡುತ್ತೇವೆ. ತಪ್ಪು ಇಲ್ಲೇ ಹುಟ್ಟಿದ್ದು ಅಂತ ನನ್ನ ಅನುಮಾನ.

ಆದರೆ ಇಂಗ್ಲಿಷಿನಲ್ಲಿ ಆ ಪದ ಶುರುವಾದಾಗ ಅದರಲ್ಲಿ ಹೊಡೆತ ಇರಲಿಲ್ಲ. ಹಳೆಯ ಇಂಗ್ಲಿಷಿನ 'ಸ್ಟ್ರೀಕನ್' ಅಂದರೆ ಹಗುರವಾಗಿ ಕೈಯಾಡಿಸು, ಉಜ್ಜು, ಸಾಗು. ಬೆಕ್ಕಿನ ಬೆನ್ನ ಮೇಲೆ ಕೈ ಆಡಿಸುವುದಕ್ಕೆ ಇಂಗ್ಲಿಷಿನವರು ಇವತ್ತಿಗೂ ಬಳಸುವ 'ಸ್ಟ್ರೋಕ್' ಅದೇ ಮನೆಯ ಕೂಸು. ಹೊಡೆತದ ಅರ್ಥ ಸೇರಿದ್ದು ಆಮೇಲೆ. ಜರ್ಮನ್ ಭಾಷೆಯಲ್ಲಿ ಈ ಪದದ ಒಡಹುಟ್ಟು 'ಶ್ಟ್ರೈಖನ್' ಇನ್ನೂ ಮೆತ್ತಗೇ ಇದೆ. ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದಕ್ಕೆ, ಗೋಡೆಗೆ ಬಣ್ಣ ಬಳಿಯುವುದಕ್ಕೆ ಅದೇ ಪದ. ಪಟ್ಟಿಯಿಂದ ಹೆಸರು ಹೊಡೆದುಹಾಕುವುದಕ್ಕೂ ಅದೇ.

ಕನ್ನಡದಲ್ಲಿ ಇದಕ್ಕೆ ಅಳತೆ ತೆಗೆದು ಹೊಲಿಸಿದಂಥ ಪದ ಇದೆ: ಸವರು. ಬೆನ್ನು ಸವರಿದರೆ ಪ್ರೀತಿ. ಎಣ್ಣೆ ಸವರಿದರೆ ತೆಳ್ಳಗೆ ಹಚ್ಚಿದ ಹಾಗೆ. ಕೊಂಬೆ ಸವರಿದರೆ ಮಚ್ಚು ಕೈಯಲ್ಲಿದೆ ಅಂತ ಅರ್ಥ. ಶತ್ರುಗಳನ್ನು ಸವರಿಹಾಕಿದರು ಅಂದರೆ ಅಲ್ಲಿಗೆ ಕಥೆ ಮುಗೀತು. ಮೆತ್ತಗಿನ ಕೈಯೂ ಕತ್ತರಿಸುವ ಕೈಯೂ ಒಂದೇ ಪದದಲ್ಲಿ ಕೂತಿವೆ. 'ಶ್ಟ್ರೈಖನ್' ಮಾಡಿದ್ದನ್ನೇ ನಮ್ಮ 'ಸವರು' ಯಾರನ್ನೂ ಕೇಳದೆ ತಾನೇ ಮಾಡಿಕೊಂಡಿದೆ.

ಕೆಲಸ ನಿಲ್ಲಿಸುವ 'ಸ್ಟ್ರೈಕ್' ಕೂಡ ಇದರದೇ ಕವಲು. 1768ರಲ್ಲಿ ಲಂಡನ್ನಿನಲ್ಲಿ ನಾವಿಕರು ಹಡಗುಗಳ ಪಟ ಇಳಿಸಿ ಹಡಗು ಹೊರಡದ ಹಾಗೆ ಮಾಡಿದರು. ಪಟ ಇಳಿಸುವುದಕ್ಕೆ ನಾವಿಕರ ಮಾತು 'ಸ್ಟ್ರೈಕ್'. ಗೋಲ್ ಹೊಡೆಯದ ಸ್ಟ್ರೈಕರ್ ಸ್ಟ್ರೈಕ್ ಮಾಡ್ತಿದ್ದಾನೆ ಅನ್ನೋ ಜೋಕ್ ಬಹಳ ಹಳೇದು, ದಯವಿಟ್ಟು ಕಳಿಸಬೇಡಿ.

ಕ್ಯಾರಂ ಆಡಿದವರಿಗೆ ಇನ್ನೊಂದು ಸ್ಟ್ರೈಕರ್ ಗೊತ್ತು. ಅದು ಕಾಯಿನ್‌ಗಳನ್ನು ಬೀಳಿಸಬೇಕು, ತಾನು ಬೀಳಬಾರದು. ಕ್ರಿಕೆಟ್‌ನಲ್ಲಿ ಬೌಲರ್ ಎದುರು ನಿಂತವನು ಸ್ಟ್ರೈಕರ್, ಅವನು ಸೊನ್ನೆಗೆ ಔಟಾದರೂ ಸ್ಟ್ರೈಕರೇ. ನೋಡಿ, ಅಲ್ಲೂ ಅದು ಜಾಗದ ಹೆಸರು. ಕ್ರಿಕೆಟ್‌ನಲ್ಲಿ ಸರಿಯಾಗಿ ಬಳಸುವವರೇ ಫುಟ್‌ಬಾಲ್‌ಗೆ ಬಂದಾಗ ಎಡವುತ್ತಾರೆ.

ಸವರುವ ಸ್ಟ್ರೈಕರ್ ಹೇಗಿರ್ತಾನೆ ಅಂತ ನೋಡಬೇಕಾದರೆ ಗರ್ಡ್ ಮುಲ್ಲರ್‌ನನ್ನು ನೋಡಬೇಕು. 1945ರಲ್ಲಿ ಜರ್ಮನಿಯ ನಾರ್ಡ್ಲಿಂಗೆನ್ ಊರಲ್ಲಿ ಹುಟ್ಟಿದವನು. 1964ರಲ್ಲಿ ಬಯರ್ನ್ ಮ್ಯೂನಿಕ್ ಸೇರಿದ. ಆಗ ಬಯರ್ನ್ ಇನ್ನೂ ಎರಡನೇ ಹಂತದಲ್ಲಿ ಆಡುತ್ತಿದ್ದ ಕ್ಲಬ್. ಕುಳ್ಳು ಕಾಲು, ದಪ್ಪ ತೊಡೆ. ಕೋಚ್ ಚೈಕೋವ್‌ಸ್ಕಿ ಅವನನ್ನು 'ಗಿಡ್ಡ ದಪ್ಪ ಮುಲ್ಲರ್' ಅಂತಲೇ ಕರೆಯುತ್ತಿದ್ದ. ಮುಂದಿನ ವರ್ಷ ಕ್ಲಬ್ ಅಲ್ಲಿನ ಮೊದಲ ಹಂತದ ಲೀಗ್ ಬುಂಡೆಸ್‌ಲೀಗಾಕ್ಕೆ ಏರಿತು. ಅಲ್ಲಿ ಈ ಗಿಡ್ಡ ದಪ್ಪ ಹುಡುಗ 427 ಪಂದ್ಯಗಳಲ್ಲಿ 365 ಗೋಲ್ ಗಳಿಸಿದ. ಏಳು ಸಲ ಲೀಗಿನ ಅತಿ ಹೆಚ್ಚು ಗೋಲಿನವನಾದ. ಪಶ್ಚಿಮ ಜರ್ಮನಿಗೆ 62 ಪಂದ್ಯಗಳಲ್ಲಿ 68 ಗೋಲ್.

ಅವನ ಗೋಲುಗಳಲ್ಲಿ ಒಂದನ್ನು ನಿಧಾನವಾಗಿ ನೋಡೋಣ. 1974ರ ಜುಲೈ 7, ಮ್ಯೂನಿಕ್, ವಿಶ್ವಕಪ್ ಫೈನಲ್, ಎದುರು ನೆದರ್‌ಲೆಂಡ್ಸ್. ಸ್ಕೋರ್ 1–1, 43ನೇ ನಿಮಿಷ. ಬಲಗಡೆಯಿಂದ ಬಾನ್‌ಹೋಫ್ ನುಗ್ಗಿ ಬಂದು ಚೆಂಡನ್ನು ಒಳಕ್ಕೆ ತಳ್ಳುತ್ತಾನೆ. ಮುಲ್ಲರ್ ಚೆಂಡಿಗಿಂತ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದಾನೆ. ಕಾಲಿಗೆ ತಗುಲಿದ ಚೆಂಡು ಹಿಂದಕ್ಕೆ ಹೋಗುತ್ತದೆ. ಬೇರೆಯವರಾಗಿದ್ದರೆ ಅವಕಾಶ ಅಲ್ಲಿಗೆ ಹೋಯ್ತು. ಇವನು ನಿಂತಲ್ಲೇ ಬ್ರೇಕ್ ಹಾಕಿ, ಹಿಂದಕ್ಕೆ ವಾಲಿ, ತಿರುಗುತ್ತಲೇ ಬಲಗಾಲಿನಲ್ಲಿ ಚೆಂಡನ್ನು ಸವರುತ್ತಾನೆ. ಬೇರೆ ಪದ ನನಗೆ ತೋಚುತ್ತಿಲ್ಲ, ಸವರುತ್ತಾನೆ ಅಷ್ಟೇ. ಚೆಂಡು ನೆಲದಲ್ಲೇ ಉರುಳಿಕೊಂಡು ದೂರದ ಮೂಲೆ ಸೇರುತ್ತದೆ. ಗೋಲ್‌ಕೀಪರ್ ಯೊಂಗ್‌ಬ್ಲೂಡ್ ನೆಟ್ಟ ಕಂಬದ ಹಾಗೆ ನಿಂತು ನೋಡುತ್ತಾನೆ. ಪಂದ್ಯ 2–1ರಲ್ಲೇ ಮುಗಿಯಿತು. ಮುಲ್ಲರ್ ದೇಶಕ್ಕೆ ಆಡಿದ ಕೊನೆಯ ಪಂದ್ಯ ಅದು. ವಯಸ್ಸು 28.

ಆ ಶರ್ಟಿನ ನಂಬರ್ ಎಷ್ಟು ಗೊತ್ತಾ? 13. ನಂಬರ್ ನಂಬಬೇಡಿ ಅಂತ ಆಗಲೇ ಹೇಳಿದ್ದೆ, ಅಲ್ವಾ?

ಇಂಥವನಿಗೆ ಜನ ಇಟ್ಟ ಅಡ್ಡಹೆಸರು 'ಬಾಂಬರ್'. ಇದಕ್ಕಿಂತ ಒಗ್ಗದ ಹೆಸರು ಹುಡುಕೋದು ಕಷ್ಟ. ದೂರದಿಂದ ಬಾಂಬ್ ಹಾಕಿದ ಹಾಗೆ ಹೊಡೆಯುವುದು ಅವನ ಆಟವೇ ಅಲ್ಲ. ಐದಾರು ಹೆಜ್ಜೆ ದೂರದಿಂದ, ಬಿದ್ದುಕೊಂಡು, ಕೂತುಕೊಂಡು, ಮೊಣಕಾಲಲ್ಲಿ, ಹೇಗಾದರೂ ಸರಿ, ಗೆರೆ ದಾಟಿಸುತ್ತಿದ್ದ. ಜರ್ಮನರು ಅವನ ಹೆಸರನ್ನೇ ಕ್ರಿಯಾಪದ ಮಾಡಿಕೊಂಡು 'ಮುಲ್ಲರ್ನ್' ಅಂದದ್ದು ಎಷ್ಟೋ ವಾಸಿ. ಮುಲ್ಲರ್ ಅಂದರೆ ಹಿಟ್ಟಿನ ಗಿರಣಿಯವನು. ಚೆಂಡು ಯಾವ ರೂಪದಲ್ಲಿ ಬಂದು ಬಿದ್ದರೂ ಆಚೆ ಕಡೆ ಹಿಟ್ಟೇ ಬರಬೇಕು.

ಜರ್ಮನ್ ಭಾಷೆಯಲ್ಲಿ ಈ ಜಾಗಕ್ಕೆ 'ಶ್ಟೂರ್ಮರ್' ಅಂತಾರೆ. ಬಿರುಗಾಳಿಗೂ ಅವರಲ್ಲಿ ಇದೇ ಮೂಲದ ಪದ. ಸ್ಪ್ಯಾನಿಷ್‌ನ 'ದೆಲಾಂತೆರೊ' ಅಂದರೆ ಬರೀ ಮುಂದಿರುವವನು. ಇಟಲಿಯವರ 'ಪುಂತಾ' ಅಂದರೆ ತುದಿ, ಮೊನೆ. ಪೋರ್ಚುಗೀಸ್‌ನಲ್ಲಿ ಜಾಸ್ತಿ ಗೋಲ್ ಹೊಡೆದವನಿಗೆ ಬೇರೆಯೇ ಪದ ಇದೆ, 'ಆರ್ಟಿಲ್ಯೇರು', ಅಂದರೆ ಫಿರಂಗಿಯವನು. ಜಾಗಕ್ಕೆ ಒಂದು ಹೆಸರು, ಸಾಧನೆಗೆ ಇನ್ನೊಂದು. ಎಷ್ಟು ನೀಟಾಗಿದೆ ನೋಡಿ! ನಮ್ಮ ವರದಿಗಳಿಗೆ ಬೇಕಾಗಿರೋದು ಈ ವಿಂಗಡಣೆಯೇ. 'ದಾಳಿಕಾರ', 'ಮುಂಚೂಣಿ ಆಟಗಾರ' ಅಂತ ಕನ್ನಡದಲ್ಲಿ ಬರೆಯುವವರು ಇದ್ದಾರೆ. ಬರೆಯಲಿ, ಆದರೆ ಅವೆರಡೂ ಫಾರ್ವರ್ಡ್‌ಗೆ ಸರಿಹೋಗುತ್ತವೆ, ಸ್ಟ್ರೈಕರ್‌ಗೆ ಅಲ್ಲ. ಸ್ಟ್ರೈಕರ್‌ನನ್ನು ಸ್ಟ್ರೈಕರ್ ಅಂತಲೇ ಬಿಡಿ.

ಪದ ಹುಡುಕುವಾಗ ಸಿಕ್ಕ ಒಂದು ಸಣ್ಣ ಖುಷಿ: ಪೂರ್ವ ಜರ್ಮನಿಯ ಪರ ಅತಿ ಹೆಚ್ಚು ಗೋಲ್ ಗಳಿಸಿದವನ ಹೆಸರು ಯೊಆಖಿಮ್ ಶ್ಟ್ರೈಖ್. 55 ಗೋಲ್. ಅವನ ಅಡ್ಡಹೆಸರಲ್ಲ, ಮನೆತನದ ಹೆಸರೇ ಶ್ಟ್ರೈಖ್. ಮೇಲೆ ಹೇಳಿದ 'ಶ್ಟ್ರೈಖನ್' ಬಳಗದ್ದೇ ಪದ. ಹುಟ್ಟುವಾಗಲೇ ಕೆಲಸ ಗೊತ್ತಾಗಿತ್ತು.

ಇನ್ನೊಂದು ಕಡೆಯೂ ಪದ ಕೆಡುತ್ತಿದೆ. 'ದಾಖಲೆಯ ಸ್ಟ್ರೈಕರ್' ಅಂತ ಬರೆಯುವಾಗ ಒಟ್ಟು ಗೋಲ್ ಮಾತ್ರ ಎಣಿಸುತ್ತಾರೆ. ಬ್ಯಾಟ್ಸ್‌ಮನ್ ಎಷ್ಟು ಬಾಲ್ ತಿಂದ ಅಂತ ಕೇಳುವ ನಾವು, ಸ್ಟ್ರೈಕರ್ ಎಷ್ಟು ಪಂದ್ಯ ತಗೊಂಡ ಅಂತ ಯಾಕೆ ಕೇಳಲ್ಲ? 2014ರಲ್ಲಿ ಜರ್ಮನಿಯ ಮಿರೊಸ್ಲಾವ್ ಕ್ಲೋಸ ಮುಲ್ಲರ್‌ನ 68 ಗೋಲುಗಳ ದಾಖಲೆ ಮುರಿದ. ದೊಡ್ಡ ಸಾಧನೆ, ಕ್ಲೋಸ ಅಪ್ಪಟ ಸ್ಟ್ರೈಕರ್ ಕೂಡ. ಆದರೆ ಕೊನೆಗೆ ಅವನ ಲೆಕ್ಕ 137 ಪಂದ್ಯಗಳಲ್ಲಿ 71. ವಿಶ್ವಕಪ್‌ನಲ್ಲಿ ಮುಲ್ಲರ್ 13 ಪಂದ್ಯಗಳಲ್ಲಿ 14 ಗೋಲ್ ಹೊಡೆದಿದ್ದ, ಕ್ಲೋಸ 24 ಪಂದ್ಯಗಳಲ್ಲಿ 16. ಹೆಡ್‌ಲೈನ್‌ನಲ್ಲಿ ಒಂದೇ ಅಂಕಿ ಬರುತ್ತದೆ, ಎರಡನೆಯದು ಮಾಯ.

ಮೆಸ್ಸಿ ವಿಷಯದಲ್ಲಿ ಎರಡು ತಪ್ಪೂ ಒಟ್ಟಿಗೆ ನಡೆದವು. ಮುಲ್ಲರ್ 1972ರಲ್ಲಿ 60 ಪಂದ್ಯಗಳಲ್ಲಿ 85 ಗೋಲ್ ಗಳಿಸಿದ್ದ. 2012ರಲ್ಲಿ ಮೆಸ್ಸಿ 69 ಪಂದ್ಯಗಳಲ್ಲಿ 91 ಗೋಲ್ ಗಳಿಸಿದ. ಆಗ ಶುರುವಾಯಿತು, 'ವಿಶ್ವದ ಶ್ರೇಷ್ಠ ಸ್ಟ್ರೈಕರ್ ಮೆಸ್ಸಿ' ಅನ್ನುವ ರಾಗ. ಮೆಸ್ಸಿ ಬಲಬದಿಯಲ್ಲಿ ಬೆಳೆದವನು. ಬಾರ್ಸಿಲೋನಾದಲ್ಲಿ ನಡುವೆ ಆಡುವಾಗಲೂ ಸ್ಟ್ರೈಕರ್ ಇರಬೇಕಾದ ಜಾಗ ಖಾಲಿ ಬಿಟ್ಟು ಹಿಂದಕ್ಕೆ ಬರೋದೇ ಅವನ ಕೆಲಸವಾಗಿತ್ತು. ಅದಕ್ಕೇ ಅದನ್ನು 'ಫಾಲ್ಸ್ ನೈನ್' ಅಂತಾರೆ, ಅಂದರೆ ಸುಳ್ಳು ಒಂಬತ್ತು. ಹೆಸರಲ್ಲೇ ಸುಳ್ಳು ಅಂತ ಬರೆದಿದ್ದರೂ ನಿಜವಾದ ಸ್ಟ್ರೈಕರ್ ಅಂತ ನಂಬುತ್ತೀವಲ್ಲ! ಮೆಸ್ಸಿ ದೊಡ್ಡವನು ಅಂತ ಹೇಳೋದಕ್ಕೆ ಅವನನ್ನು ಸ್ಟ್ರೈಕರ್ ಮಾಡಲೇಬೇಕಾ?

ಮುಲ್ಲರ್‌ನ ಇನ್ನೊಂದು ದಾಖಲೆ ಮಾತ್ರ ಸ್ಟ್ರೈಕರ್ ಕೈಗೇ ಸಿಕ್ಕಿತು. 1971–72ರ ಲೀಗ್‌ನಲ್ಲಿ ಅವನು 40 ಗೋಲ್ ಹೊಡೆದಿದ್ದ. 49 ವರ್ಷ ಆ ಅಂಕಿಯನ್ನು ಯಾರೂ ಮುಟ್ಟಲಿಲ್ಲ. 2021ರ ಮೇ ತಿಂಗಳಲ್ಲಿ ಅದೇ ಬಯರ್ನ್‌ನ ಲೆವಾಂಡೊವ್‌ಸ್ಕಿ ಅದಕ್ಕೆ ಸಮ ಬಂದಾಗ, ಶರ್ಟ್ ಎತ್ತಿ ಒಳಗಿನ ಬನಿಯನ್ ಮೇಲಿದ್ದ ಮುಲ್ಲರ್‌ನ ಚಿತ್ರ ತೋರಿಸಿದ. 41ನೆಯದು ಬಂದದ್ದು ಸೀಸನ್ನಿನ ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ. ಗೋಲ್‌ಕೀಪರ್ ಕೈಯಿಂದ ಜಾರಿದ ಚೆಂಡನ್ನು ಒಳಗೆ ತಳ್ಳಿದ್ದು, ಅಷ್ಟೇ. ಮುಲ್ಲರ್ ನೋಡಿದ್ದರೆ ತನ್ನದೇ ಗೋಲ್ ಅಂದುಕೊಳ್ಳುತ್ತಿದ್ದನೇನೋ. ಆಗ ಅವನು ಮರೆವಿನ ಕಾಯಿಲೆಯಲ್ಲಿದ್ದ. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡ.

ಮುಲ್ಲರ್‌ನ ಆಟದ ಬದುಕಿನ ಕೊನೆ ಅಷ್ಟು ಚೆನ್ನಾಗಿರಲಿಲ್ಲ. 1979ರಲ್ಲಿ ಒಂದು ಪಂದ್ಯದ ನಡುವೆ ಕೋಚ್ ಅವನನ್ನು ಹೊರಗೆ ಕರೆಸಿಕೊಂಡ. ಮುಲ್ಲರ್‌ಗೆ ಸಿಟ್ಟು ಬಂತು. ಬಯರ್ನ್ ಬಿಟ್ಟು ಅಮೆರಿಕಕ್ಕೆ ಹೊರಟೇಬಿಟ್ಟ. ಅಲ್ಲಿ ಫ್ಲೋರಿಡಾದಲ್ಲಿ ಸೇರಿದ ಕ್ಲಬ್ಬಿನ ಹೆಸರು ಫೋರ್ಟ್ ಲಾಡರ್‌ಡೇಲ್ ಸ್ಟ್ರೈಕರ್ಸ್. ಬದುಕೆಲ್ಲ ಶ್ಟೂರ್ಮರ್ ಆಗಿದ್ದವನು ಅಲ್ಲಿ ಹೆಸರಿಗೂ ಸ್ಟ್ರೈಕರ್ ಆದ.

ಅದೇ ಕ್ಲಬ್ಬಿಗೆ ಎರಡು ವರ್ಷ ಮೊದಲು, 1977ರಲ್ಲಿ, ಇನ್ನೊಬ್ಬ ಬಂದಿದ್ದ. ಗಾರ್ಡನ್ ಬ್ಯಾಂಕ್ಸ್, 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡಿನ ಗೋಲ್‌ಕೀಪರ್. 1972ರ ಕಾರು ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಹೋದಮೇಲೂ ಅಲ್ಲಿ ಗೋಲ್ ಕಾದ. 1970ರ ವಿಶ್ವಕಪ್ ಕ್ವಾರ್ಟರ್ ಫೈನಲ್ಲಿನಲ್ಲಿ ಪಶ್ಚಿಮ ಜರ್ಮನಿ ಎದುರು ಹೊಟ್ಟೆ ಕೆಟ್ಟು ಆಡದೇ ಉಳಿದವನು ಇದೇ ಬ್ಯಾಂಕ್ಸ್. ಅವತ್ತು ಅವನ ಬದಲು ನಿಂತಿದ್ದ ಕೀಪರ್‌ನನ್ನು ದಾಟಿಸಿ, ಎಕ್ಸ್‌ಟ್ರಾ ಟೈಮ್‌ನಲ್ಲಿ, ಗೋಲಿನ ಬಾಯಲ್ಲೇ ನಿಂತು ಗೆಲುವಿನ ಗೋಲ್ ಹಾಕಿದವನು ಮುಲ್ಲರ್.

ಫ್ಲೋರಿಡಾದಲ್ಲಿ ಮಾತ್ರ ಇಬ್ಬರ ಕ್ಲಬ್ಬೂ ಒಂದೇ, ಇಬ್ಬರೂ ಸ್ಟ್ರೈಕರ್‌ಗಳೇ. ಗೋಲ್‌ಕೀಪರ್‌ನನ್ನು ಸ್ಟ್ರೈಕರ್ ಅನ್ನೋದಕ್ಕೆ ನನ್ನ ತಕರಾರಿಲ್ಲದ ಒಂದೇ ಒಂದು ಜಾಗ ಅದು.