ಮರದ ಹಲಗೆಗಳು ವಾಪಸ್ ಹೋದ ಮನೆ

ಬೆಂಗಳೂರಿನಲ್ಲಿ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರುಗಳ ಮೇಲೆ ಕೆಲಸ ಮಾಡಿದವರಿಗೆ ಹರ್ಸ್ಲಿ ಅನ್ನುವ ಹೆಸರು ಹೊಸದಲ್ಲ. ಬ್ಯಾಂಕುಗಳು ವಹಿವಾಟಿಗೆ ನಂಬಿಕೊಂಡಿರುವ ಸಿಐಸಿಎಸ್ ಸಾಫ್ಟ್‌ವೇರನ್ನು ಐಬಿಎಂ ಕಂಪನಿ ದಶಕಗಳ ಕಾಲ ಬೆಳೆಸಿದ್ದು ಇಂಗ್ಲೆಂಡಿನ ಈ ಹಳ್ಳಿಯಲ್ಲೇ, ವಿಂಚೆಸ್ಟರ್ ಊರಿನ ಹತ್ತಿರ. ಹಳೆ ಕಟ್ಟಡಗಳ ದುರಸ್ತಿ ಮಾಡುವ ನನಗೆ ಮಾತ್ರ ಅಲ್ಲಿನ ಬಂಗಲೆಯ ಮೇಲೇ ಕಣ್ಣು.

ಹರ್ಸ್ಲಿ ಹೌಸ್ 1720ರ ದಶಕದ್ದು. ಕಟ್ಟಿಸಿದವರು ಸರ್ ವಿಲಿಯಂ ಹೀತ್‌ಕೋಟ್. ಕೆಂಪು ಇಟ್ಟಿಗೆಯ ಗೋಡೆ, ಎತ್ತರದ ಕಿಟಕಿಗಳ ಸಾಲು. 1902ರಲ್ಲಿ ಇದನ್ನು ಕೊಂಡ ಜಾರ್ಜ್ ಕೂಪರ್ ಮನೆಯನ್ನು ಇನ್ನಷ್ಟು ದೊಡ್ಡದು ಮಾಡಿದರು. 1940ರಲ್ಲಿ ಸೌತಾಂಪ್ಟನ್‌ನ ಸೂಪರ್‌ಮರೀನ್ ವಿಮಾನ ಕಾರ್ಖಾನೆಯ ಮೇಲೆ ಬಾಂಬು ಬಿದ್ದಾಗ, ಸ್ಪಿಟ್‌ಫೈರ್ ಯುದ್ಧವಿಮಾನದ ನಕ್ಷೆ ಬರೆಯುವವರು ಇಲ್ಲಿಗೆ ಬಂದು ಕೂತರು. 1958ರಲ್ಲಿ ಐಬಿಎಂ ಬಂತು.

ಇಂಥ ಮನೆ ಆಫೀಸಿಗೆ ಒಗ್ಗುವುದು ಯಾಕೆ? ಕೋಣೆಗಳು ದೊಡ್ಡವು, ಬೆಳಕು ಧಾರಾಳ. ಊಟದ ಹಾಲ್ ಸುಲಭವಾಗಿ ಮೀಟಿಂಗ್ ರೂಮ್ ಆಗುತ್ತದೆ. ಒಗ್ಗದಿರುವುದು ವೈರು, ಪೈಪು, ಲಿಫ್ಟು, ಬೆಂಕಿ ತಡೆಯುವ ಬಾಗಿಲು. ಹರ್ಸ್ಲಿಯಲ್ಲಿ ಲ್ಯಾಬುಗಳಿಗೆ ತೋಟದ ಜಾಗದಲ್ಲಿ ಬೇರೆ ಕಟ್ಟಡಗಳನ್ನೇ ಕಟ್ಟಿದರು. ನನ್ನ ಪ್ರಕಾರ ಮನೆಯನ್ನು ಉಳಿಸಿದ್ದೇ ಅದು. ಭಾರದ ಕೆಲಸವನ್ನೆಲ್ಲ ಹಳೆ ಗೋಡೆಗಳ ಮೇಲೆ ಹೇರಿದ್ದರೆ ಅವು ಎಷ್ಟು ದಿನ ತಾಳುತ್ತಿದ್ದವು?

ಇಂಥ ಹಳೆ ಮನೆಯ ಕಿಟಕಿಯನ್ನು ಹತ್ತಿರದಿಂದ ನೋಡಬೇಕು. ಗಾಜಿನ ಎರಡು ಚೌಕಟ್ಟು ಮೇಲೆ ಕೆಳಗೆ ಜಾರುತ್ತವೆ. ಪಕ್ಕದ ಮರದ ಪೆಟ್ಟಿಗೆಯೊಳಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು ತೂಗುತ್ತಿರುತ್ತದೆ. ಬಾವಿಯ ರಾಟೆಯ ಹಾಗೇ. ತೂಕ ಸರಿಯಿದ್ದರೆ ಒಂದೇ ಬೆರಳಿಗೆ ಕಿಟಕಿ ಮೇಲೇಳುತ್ತದೆ. ಆಫೀಸಿನವರು ಚಳಿ ಅಂತ ಸಂದಿಗೆಲ್ಲ ಬಣ್ಣ ಬಳಿದು ಮುಚ್ಚಿಬಿಡುತ್ತಾರೆ. ನಾನು ಕೆಲಸ ಮಾಡಿದ ಒಂದು ಮನೆಯಲ್ಲಿ ಹಾಗೆ ಮುಚ್ಚಿದ ಕಿಟಕಿಯ ಕೆಳಮರವೆಲ್ಲ ಕೊಳೆತಿತ್ತು. ನೋಡಿ ಹೊಟ್ಟೆ ಉರಿಯಿತು. ಒಳಗಡೆ ಇನ್ನೊಂದು ತೆಳು ಗಾಜಿನ ಚೌಕಟ್ಟು ನಿಲ್ಲಿಸಿದ್ದರೆ ಸಾಕಿತ್ತು. ಬೇಡವಾದಾಗ ನಾಲ್ಕು ಸ್ಕ್ರೂ ಬಿಚ್ಚಿದರೆ ಮೊದಲಿನ ಹಾಗೇ.

ನಮ್ಮ ಕೆಲಸದಲ್ಲಿ ನಾನು ಜಾಸ್ತಿ ಹಟ ಹಿಡಿಯುವುದು ಇದಕ್ಕೇ. ಹಾಕಿದ್ದನ್ನು ಗಾಯವಿಲ್ಲದೆ ತೆಗೆಯಲು ಬರಬೇಕು. ಇಂಗ್ಲೆಂಡಿನಲ್ಲಿ ಇಂಥ ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ, ಅದರ ಸ್ವರೂಪಕ್ಕೆ ಧಕ್ಕೆ ತರುವ ಕೆಲಸವನ್ನು ಒಪ್ಪಿಗೆ ಇಲ್ಲದೆ ಮಾಡುವುದು ಅಪರಾಧ. ಒಳಗಿನ ಕೆಲಸಕ್ಕೂ ಇದೇ ಕಾನೂನು. ಹರ್ಸ್ಲಿ ಹೌಸ್ ಆ ಪಟ್ಟಿಯ ಎರಡನೇ ಮೇಲ್ದರ್ಜೆಯಲ್ಲಿದೆ (ಗ್ರೇಡ್ II*).

ಹಾಕಿದ್ದನ್ನು ಬಿಚ್ಚಿ ತೆಗೆಯುವುದಕ್ಕೆ ಈ ಮನೆಯಲ್ಲೇ ಒಂದು ಚೆಂದದ ಉದಾಹರಣೆ ಇದೆ. ಕೂಪರ್ ಕುಟುಂಬ ಇಲ್ಲಿನ ನೃತ್ಯದ ಹಾಲ್‌ಗೆ ಹೊಂದಿಸಿದ್ದ ಕೆತ್ತನೆಯ ಮರದ ಹಲಗೆಗಳು ಮೊದಲು ಇದ್ದದ್ದು ವಿಂಚೆಸ್ಟರ್ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ. 17ನೇ ಶತಮಾನದ ಕೆಲಸ ಅದು. 19ನೇ ಶತಮಾನದಲ್ಲಿ ಅಲ್ಲಿಂದ ಬಿಚ್ಚಿದ್ದರು. ಆಮೇಲೆ ಇಲ್ಲಿಂದಲೂ ಬಿಚ್ಚಿದರು. 1960ರ ಸುಮಾರಿಗೆ ಕಾಲೇಜು ಅವುಗಳಿಗೆಂದೇ ಒಂದು ಹೊಸ ಹಾಲ್ ಕಟ್ಟಿಸಿತು. ಈಗ ಅವು ಅಲ್ಲಿವೆ.