ಬಾಟಲಿ ಸಿಕ್ಕಿತು ಸರಿ, ಅದು ಯಾರದ್ದು?

ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಗೋವಾ ಕಡೆಯಿಂದ ಬಂದ ಬಸ್ಸು ತಡೆದು ಬ್ಯಾಗು ತಡಕೋದು ಕಾರವಾರದವರಿಗೆ ಹೊಸದೇನಲ್ಲ. ಸೀಟಿನ ಕೆಳಗೆ ಮದ್ಯ ಸಿಕ್ಕಿದರೆ ಅಲ್ಲಿ ಕೂತವನದ್ದೇ ಅನ್ನೋಕಾಗುತ್ತಾ? ಈ ಜಗಳ ತುಂಬಾ ಹಳೆಯದು.

ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1949ರ ಮುಂಬಯಿ ಪಾನನಿರೋಧ ಕಾಯ್ದೆ ಬಂದ ಮೇಲೆ ಕುಡಿಯೋದಷ್ಟೇ ಅಲ್ಲ, ಪರವಾನಗಿ ಇಲ್ಲದೆ ಮನೆಯಲ್ಲಿ ಇಟ್ಟುಕೊಂಡರೂ ಅಪರಾಧ. ಆಚೆ ಪೋರ್ಚುಗೀಸರ ಗೋವಾದಲ್ಲಿ ಇಂಥ ನಿಷೇಧ ಇರಲಿಲ್ಲ.

ಕಾಯ್ದೆಯ 103ನೇ ಕಲಮು ನೋಡಿ. ಮದ್ಯವೋ ಭಟ್ಟಿ ಸಾಮಾನೋ ನಿನ್ನ ಹತ್ತಿರ ಸಿಕ್ಕಿ, ಅದಕ್ಕೆ ಒಪ್ಪುವಂಥ ವಿವರಣೆ ನೀನು ಕೊಡದಿದ್ದರೆ ತಪ್ಪು ಮಾಡಿದ್ದೀಯ ಅಂತಲೇ ಕೋರ್ಟು ಹಿಡಿಯುತ್ತದೆ. ವಕೀಲರಿಗೆ ದುಡ್ಡಿಲ್ಲದ ಕೂಲಿಯವನ ಮೇಲೆ ಇದು ಎಂಥಾ ಭಾರ! ನನಗಂತೂ ಇದು ಅನ್ಯಾಯವೇ.

1951ರಲ್ಲಿ ಬಾಲ್ಸಾರಾ ಎಂಬುವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಬಹುಪಾಲನ್ನು ಎತ್ತಿಹಿಡಿಯಿತು, ಆಲ್ಕೋಹಾಲ್ ಇರುವ ಔಷಧಿ ಸೇವನೆಯ ಮೇಲಿನ ನಿಷೇಧವೂ ಸೇರಿ ಕೆಲವು ಭಾಗ ಬಿದ್ದುಹೋಯಿತು. ಅದೇ ವರ್ಷ ಮುಂಬಯಿಯಲ್ಲಿ ಜೀಪು ಅಪಘಾತ ಮಾಡಿದ ಪೆಸಿಕಾಕ ಎಂಬುವರ ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು, ಅವರು ಕುಡಿದದ್ದು ಔಷಧಿ ಅಂದರು. ಮ್ಯಾಜಿಸ್ಟ್ರೇಟರು ಆ ಆರೋಪದಿಂದ ಬಿಟ್ಟರು, ಹೈಕೋರ್ಟು ಶಿಕ್ಷೆ ಕೊಟ್ಟಿತು. 1954ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು: ನಿಷೇಧಿತ ಮದ್ಯವನ್ನೇ ಕುಡಿದಿದ್ದಾರೆ ಅಂತ ಸರ್ಕಾರ ಸಾಬೀತು ಮಾಡಬೇಕು. ಅದು ಸೇವನೆಯ ಕೇಸು, ಹತ್ತಿರ ಇಟ್ಟುಕೊಂಡದ್ದಲ್ಲ. ಆದರೂ ಭಾರ ಯಾರ ಹೆಗಲಿಗೆ ಅನ್ನೋ ಪ್ರಶ್ನೆ ಒಂದೇ ಅಲ್ವಾ?

ಇಟ್ಟುಕೊಂಡ ಕೇಸಿನ ಅಪೀಲಿನಲ್ಲಿ ವಾದ ನಿಲ್ಲೋದು ಸಣ್ಣ ಸಣ್ಣ ವಿಷಯಗಳ ಮೇಲೆ. ನಾಲ್ಕು ಜನ ಇರೋ ಮನೆಯ ಹಿತ್ತಲಲ್ಲಿ ಹೂತಿಟ್ಟ ಕ್ಯಾನು ಯಾರದ್ದು, ಅಲ್ಲಿದೆ ಅಂತ ಅವನಿಗೆ ಗೊತ್ತಿತ್ತಾ? ಬಾಟಲಿಗೆ ಸ್ಥಳದಲ್ಲೇ ಅರಗಿನ ಮೊಹರು ಹಾಕಿದ್ದರಾ, ಪರೀಕ್ಷೆಗೆ ಹೋದದ್ದು ಅದೇ ಬಾಟಲಿಯಾ? ಪಂಚನಾಮೆಗೆ, ಅಂದರೆ ಜಪ್ತಿಯ ವರದಿಗೆ, ಸಹಿ ಹಾಕಿದ ಸಾಕ್ಷಿಗಳಾದ ಪಂಚರು ಕಟಕಟೆಗೆ ಬಂದು "ಸ್ಟೇಷನ್ನಿಗೆ ಕರೆಸಿ ಸಹಿ ಹಾಕಿಸಿಕೊಂಡರು" ಅಂದರೆ ಕೇಸು ಅರ್ಧ ಮುರಿದ ಹಾಗೇ.

1956ರಲ್ಲಿ ಜಿಲ್ಲೆ ಮೈಸೂರಿಗೆ ಸೇರಿತು, ಹೈಕೋರ್ಟಿನ ದಾರಿ ಮುಂಬಯಿಯಿಂದ ಬೆಂಗಳೂರಿಗೆ ತಿರುಗಿತು, ಈಗ ಧಾರವಾಡದ ಹೈಕೋರ್ಟು ಪೀಠಕ್ಕೆ. ಪಾನನಿರೋಧವೂ ಹೋಯಿತು. ಆದರೆ 1965ರ ಅಬಕಾರಿ ಕಾಯ್ದೆಯಲ್ಲೂ ಸಿಕ್ಕ ಮದ್ಯಕ್ಕೆ ಲೆಕ್ಕ ಕೊಡಬೇಕಾದವನು ಆರೋಪಿಯೇ.